ಹರಕೆಯ ಹಡಗು

೧೪೬೧, ಫೆಬ್ರವರಿ ೩. ಸಂತ ಬ್ರಾಸರ ಹಬ್ಬ

ನನ್ನ ಹೆಸರಿನ ಸಂತರ ಹಬ್ಬ, ನನಗೇ ಪ್ರಾಯಶ್ಚಿತ್ತ. ಪೂಜೆ ಮುಗಿಯುವ ಹೊತ್ತಿಗೆ ಪಾದ್ರಿ ಎಸ್ತೆವಾವ್ ಒಂದು ಪಟ್ಟಿ ಓದಿದರು. ಬೇಸಿಗೆಯಲ್ಲಿ ಗಿನಿ ಕರಾವಳಿಗೆ ಹೊರಡುವ ಎರಡು ಹಡಗುಗಳಲ್ಲಿ ಹೋಗುವವರ ಹೆಸರು. ಇವರಿಗಾಗಿ ಎಲ್ಲರೂ ಪ್ರಾರ್ಥಿಸಬೇಕಂತೆ. ಹನ್ನೆರಡನೆಯ ಹೆಸರು, ಲೊಪು, ಪೀಪಾಯಿ ಕೆಲಸದವನು. ಲೊಪು ಎಂದರೆ ನನ್ನ ತಂಗಿ ಮೆಸಿಯಾಳ ಒಬ್ಬನೇ ಮಗ. ಇಪ್ಪತ್ತಮೂರು ವರ್ಷದವನು. ನನ್ನ ಕೈಯಲ್ಲೇ ಕೆಲಸ ಕಲಿತು ನನ್ನ ಪಕ್ಕದಲ್ಲೇ ಕೂತು ದಿನವೂ ರೊಟ್ಟಿ ತಿನ್ನುವವನು. ಒಂದು ಮಾತು ಹೇಳಿರಲಿಲ್ಲ. ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋಗಿ ಹಡಗಿನ ಕಪ್ತಾನನನ್ನು ಕತ್ತೆಗೆ ಹುಟ್ಟಿದವನೇ ಅಂದೆ. ದೇವಮಾತೆಯ ಎದುರಿಗೇ.

ಆಮೇಲೆ ಪಾದ್ರಿ ನನ್ನನ್ನು ಒಳಗೆ ಕರೆದರು. “ಬ್ರಾಸ್, ನಿನಗೆ ಐವತ್ತು ಜಪ ಕೊಟ್ಟರೆ ಅದನ್ನೂ ಬೈದುಕೊಂಡೇ ಹೇಳ್ತೀಯ. ನಿನಗೆ ಅಕ್ಷರ ಕಲಿಸಿದ ಪಾಪ ನನ್ನದೇ. ತಗೋ ಈ ಹಾಳೆಗಳು. ಇನ್ನು ಮೇಲೆ ಕೂಗೋದಿದ್ರೆ ಇದರೊಳಗೆ ಕೂಗು. ನಾನು ನೋಡಲ್ಲ, ನೀನೂ ಯಾರಿಗೂ ತೋರಿಸ್ಬೇಡ.”

ಆಗಲಿ. ಹಾಳೆಗೆ ಕಿವಿಯಿಲ್ಲ, ಒಳ್ಳೆಯದೇ ಆಯಿತು.

ಮೊದಲು ಒಂದು ಸಂಗತಿ ಬರೆದಿಡುತ್ತೇನೆ. ಪೋರ್ಚುಗಲ್ಲಿನ ಈ ತೆಂಕಣ ದಂಡೆಯಲ್ಲಿ, ನಮ್ಮ ಲಾಗುಶ್ ಬಂದರಿನಲ್ಲಿ ಪೀಪಾಯಿ ಎಂದರೆ ಬ್ರಾಸ್, ಬ್ರಾಸ್ ಎಂದರೆ ಪೀಪಾಯಿ. ನಾನು ಕಟ್ಟಿದ್ದು ಸೋರಿತು ಎನ್ನುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಎದುರಿಗೆ ಬಂದಿಲ್ಲ. ಆ ಎರಡು ಹಡಗಿಗೆ ಅರವತ್ತು ನೀರಿನ ಪೀಪಾಯಿ ಒಪ್ಪಿಕೊಂಡವನೂ ನಾನೇ. ಹದಿನೇಳು ವರ್ಷದ ಹಿಂದೆ ಹಡಗು ಹತ್ತಿ, ಕುದಿಯುವ ಸಮುದ್ರ, ಹೊಳೆಯುವ ಚಿನ್ನದ ಮರಳು ಎಲ್ಲ ಕಂಡು ಬಂದವನೂ ನಾನೇ. ಕಡಲಿನಿಂದ ಜೀವ ಉಳಿಸಿಕೊಂಡು ಬಂದವರು ಇಗರ್ಜಿಯ ಮಾಡಿಗೆ ಒಂದು ಪುಟ್ಟ ಮರದ ಹಡಗನ್ನು ತೂಗುಹಾಕುವುದು ಇಲ್ಲಿಯ ಹರಕೆ. ಐದು ತೂಗುತ್ತಿವೆ. ನನ್ನದೇ ಎಲ್ಲಕ್ಕಿಂತ ಚೆಂದ.

ನನ್ನ ವಿಷಯ ಬೇರೆ. ಅವನು ಹೋಗಕೂಡದು.

ಫೆಬ್ರವರಿ ೧೧

ಯಾಕೆ ಹೋಗುತ್ತಾರೆ ಇವರು? ವಾರವಿಡೀ ಕಂಡವರನ್ನೆಲ್ಲ ಕೇಳಿದೆ. ಕೇಳಿದಷ್ಟೂ ಮೈ ಉರಿಯಿತು.

ಪಾದ್ರಿ ಹೇಳಿದ್ದು: “ಮೂರ್ ಮುಸಲ್ಮಾನರ ನಾಡಿನ ಬೆನ್ನ ಹಿಂದೆ ಒಬ್ಬ ಕ್ರೈಸ್ತ ರಾಜ ಇದ್ದಾನೆ. ಅವನು ಆ ಕಡೆಯಿಂದ, ನಾವು ಈ ಕಡೆಯಿಂದ ಬಂದ್ರೆ ಮೂರ್ ಜನ ನಡುವೆ ಸಿಕ್ಕಿಕೊಳ್ತಾರೆ.”

“ಅವನನ್ನ ನೋಡಿದವರು ಯಾರು?”

“ಪತ್ರ ಬರೆದಿದ್ದನಂತೆ.”

“ಯಾವಾಗ?”

“ಆಯ್ತು, ಮುನ್ನೂರು ವರ್ಷ.”

“ಮುನ್ನೂರು ವರ್ಷದಿಂದ ಉತ್ತರಕ್ಕೆ ಕಾಯ್ತಾ ಕೂತಿದ್ದಾನಾ ಪಾದ್ರಿಗಳೇ? ನಮ್ಮೂರ ಹುಡುಗೀರು ಮೂರು ತಿಂಗಳು ಕಾಯಲ್ಲ.”

ಬಂದರಿನಲ್ಲಿ ಜೆನೋವಾದ ವರ್ತಕನೊಬ್ಬ ಅಂಜೂರದ ಮೂಟೆಯ ಮೇಲೆ ಕೂತು ಬುದ್ಧಿ ಹೇಳಿದ. ಮೆಣಸು ಅರಬ್ಬರ ಕೈಗೆ ಬಂದು, ಅಲ್ಲಿಂದ ಈಜಿಪ್ಟಿನ ಸುಲ್ತಾನನ ಕೈಗೆ, ಅಲ್ಲಿಂದ ವೆನಿಸ್ಸಿನವರ ಕೈಗೆ. “ಇಷ್ಟು ಕೈ ದಾಟೋ ಹೊತ್ತಿಗೆ ಅದು ಮೆಣಸಲ್ಲ, ಮುತ್ತು. ಬಳ್ಳಿ ಬುಡಕ್ಕೇ ಹೋದ್ರೆ ನಡುವಿನವರಿಗೆಲ್ಲ ನಾಮ.” ಸಾರ್ಡೀನ್ ಮೀನಿಗೆ ಉಪ್ಪು ಸಾಕಲ್ಲವೇ ಅಂದೆ. ಬಡವರ ನಾಲಿಗೆ ಬಡವರದೇ ಅಂದ. ಅವನ ಮೂಟೆಯನ್ನು ಒದ್ದು ಬಂದೆ.

ಕಪ್ತಾನ ತ್ರಿಷ್ಟಾವನನ್ನೂ ಕೇಳಿದೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. “ನೋಡು ಬ್ರಾಸ್, ಮನೆ, ಹೊಲ ಎಲ್ಲ ದೊಡ್ಡಣ್ಣನಿಗೆ. ಎರಡನೇ ಮಗನಿಗೆ ಸಿಗೋದು ಒಂದು ಕತ್ತಿ. ಕತ್ತಿಯಿಂದ ಉತ್ತರೆ ಗೋಧಿ ಬೆಳೆಯುತ್ತಾ, ನೀನೇ ಹೇಳು.” ಇವನೊಬ್ಬ ಸುಳ್ಳು ಹೇಳಲಿಲ್ಲ. ಅದಕ್ಕೇ ಇವನ ಮೇಲೆ ಹೆಚ್ಚು ಕೋಪ ಬಂತು. ನಿನ್ನ ಅಣ್ಣನ ಹೊಲಕ್ಕೆ ನನ್ನ ತಂಗಿಯ ಮಗ ಯಾಕೆ ಗೊಬ್ಬರವಾಗಬೇಕು?

ಗಿನಿಗೆ ಹಡಗು ಕಳಿಸುವ ಈ ಹುಚ್ಚು ಹಚ್ಚಿದ ನಮ್ಮ ರಾಜಕುಮಾರ ಹೋದ ನವೆಂಬರಿನಲ್ಲಿ ತೀರಿಕೊಂಡ. ನಮ್ಮೂರಲ್ಲೇ ಹೂಳಿದ್ದಾರೆ. ಹುಚ್ಚೂ ಜೊತೆಗೇ ಮಣ್ಣಾಯಿತು ಅಂದುಕೊಂಡಿದ್ದೆ.

ಫೆಬ್ರವರಿ ೨೦

ಉಪವಾಸದ ನಲವತ್ತು ದಿನ ಶುರುವಾಗಿದೆ. ಮಾಂಸವಿಲ್ಲ. ಸಾರ್ಡೀನು, ರೊಟ್ಟಿ, ಸಿಟ್ಟು. ಇವತ್ತು ಊಟದ ಹೊತ್ತಿನಲ್ಲಿ ಲೊಪುವನ್ನೇ ಹಿಡಿದು ಕೇಳಿದೆ.

“ಚಿನ್ನಕ್ಕಾ?”

“ಅಲ್ಲ.”

“ಮೆಣಸಿಗಾ? ಆ ಮುದಿ ರಾಜನಿಗಾ?”

“ಅಲ್ಲ ಮಾಮ.”

“ಮತ್ತೆ ಯಾವ ದೆವ್ವ ಕರೀತಿದೆಯೋ ನಿನ್ನ?”

ಅವನು ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದ: “ಅಪ್ಪ ಮೀನಿಗೆ ಹೋಗಿ ಮುಳುಗಿದ ವರ್ಷ ನನಗೆ ನೀರು ಕಂಡ್ರೇ ಭಯ. ಬಾವಿ ಹತ್ರಾನೂ ಹೋಗ್ತಿರ್ಲಿಲ್ಲ. ನೀನು ಬಂದು ಕೂತು ಕುದಿಯೋ ಸಮುದ್ರದ ಕತೆ ಹೇಳ್ತಿದ್ದೆ. ಎಲ್ಲರೂ ಹೋದ್ರು, ನಾನು ಬಂದೆ ಅಂತಿದ್ದೆ. ಇಗರ್ಜಿಗೆ ಹೋದ್ರೆ ನಾನು ದೇವಮಾತೆ ಮುಖ ನೋಡ್ತಿರ್ಲಿಲ್ಲ ಮಾಮ. ನಿನ್ನ ಹಡಗು ನೋಡ್ತಿದ್ದೆ. ನಾನು ಹೋಗೋದು ನಿನ್ನಿಂದ.”

ಹೆಮ್ಮೆಯಾಗಬೇಕಿತ್ತು. ಕೈಯಲ್ಲಿದ್ದ ಕೊಡತಿಯನ್ನು ಗೋಡೆಗೆ ಎಸೆದೆ. ಹಿಡಿ ಮುರಿಯಿತು. ನನ್ನಪ್ಪನ ಕಾಲದ ಹಿಡಿ.

ಮಾರ್ಚ್ ೧೨

ಹೋದ ವರ್ಷ ಹೊರಟಿದ್ದ ಹಡಗು ಬಂತು. ಊರಿಗೆ ಊರೇ ದಂಡೆಗೆ ಓಡಿತು. ಲೊಪುವನ್ನೂ ಎಳೆದುಕೊಂಡು ಹೋದೆ. ಅವರು ಇಳಿಸಿದ್ದು ಚಿನ್ನವಲ್ಲ, ಗಿನಿಯಲ್ಲಿ ಹಿಡಿದ ಮನುಷ್ಯರು. ನಮಗೆ ಹೊಸದಲ್ಲ. ಹಡಗು ಬಂದಾಗಲೆಲ್ಲ ಇಳಿಸುತ್ತಾರೆ, ಕೋಟೆಬಾಗಿಲ ಆಚೆಯ ಬಯಲಿನಲ್ಲಿ ಗುಂಪು ಮಾಡಿ ಗುಲಾಮರಾಗಿ ಹಂಚಿಕೊಳ್ಳುತ್ತಾರೆ. ಆ ಹೊತ್ತಿಗೆ ನಾನು ಯಾವಾಗಲೂ ವೈನಿನ ಅಂಗಡಿಯಲ್ಲಿರುತ್ತಿದ್ದೆ. ಇವತ್ತು ನಿಂತು ನೋಡಿದೆ.

ಏಳು ಜನರಿಗೆ ಒಂದೇ ಸರಪಳಿ. ಮುಂದಿದ್ದ ಮುದುಕ ಮರಳಿಗೆ ಕಾಲಿಟ್ಟವನೇ ಯಾರ ಕಡೆಗೂ ನೋಡದೆ ಕುದುರೆಗಳ ನೀರಿನ ತೊಟ್ಟಿಯ ಕಡೆಗೆ ನಡೆದ. ಉಳಿದ ಆರು ಜನ ಅವನ ಹಿಂದೆ ಮುಗ್ಗರಿಸುತ್ತಾ ಎಳೆಸಿಕೊಂಡು ಹೋದರು. ಮುದುಕ ತೊಟ್ಟಿಯಲ್ಲಿ ಕಿವಿಯವರೆಗೆ ಮುಖ ಮುಳುಗಿಸಿದ. ಜನ ನಕ್ಕರು. ನನ್ನ ಪಕ್ಕದವನು ಎಷ್ಟು ನಕ್ಕನೆಂದರೆ ಹೊಟ್ಟೆ ಹಿಡಿದುಕೊಂಡ. ಅವನ ಕಾಲು ತುಳಿದೆ.

ಮಧ್ಯಾಹ್ನ ಆ ಹಡಗಿನ ಪೀಪಾಯಿಗಳು ದುರಸ್ತಿಗೆ ಬಂದವು. ನನ್ನವೇ. ಮುಚ್ಚಳದ ಮೇಲೆ ಕಾದ ಕಬ್ಬಿಣದಿಂದ ಒತ್ತಿದ ನನ್ನ ಮೀನಿನ ಗುರುತು ಇತ್ತು. ಒಂದರಲ್ಲಿ ಬಿರಡೆಯ ಸುತ್ತ ಮರ ಕಿತ್ತುಹೋಗಿತ್ತು. ಇಲಿ ಅಂದುಕೊಂಡೆ. ಬೆರಳಾಡಿಸಿ ನೋಡಿದೆ. ಇಲಿಯ ಹಲ್ಲು ನನಗೆ ಗೊತ್ತು, ಇದು ಇಲಿಯದಲ್ಲ. ಕೈ ಕಟ್ಟಿಸಿಕೊಂಡವರು ಕತ್ತಲ ತಳದಲ್ಲಿ ಹಲ್ಲಿನಿಂದ ಬಿರಡೆ ಕೀಳಲು ನೋಡಿದ್ದಾರೆ. ಬಂದಿಲ್ಲ. ನಾನು ಬಡಿದ ಬಿರಡೆ ಯಾರ ಹಲ್ಲಿಗೂ ಬರುವುದಿಲ್ಲ.

ಲೊಪುವಿಗೆ ತೋರಿಸಿದೆ. “ಇಲ್ಲಿಗೆ ಬಂದ ಮೇಲೆ ಜ್ಞಾನಸ್ನಾನ ಆಗುತ್ತಲ್ಲ ಮಾಮ, ಅವರಿಗೇ ಒಳ್ಳೇದು ಅಂತಾರೆ” ಅಂದ. ಪೀಪಾಯಿಯ ಕಡೆ ನೋಡದೆ ಅಂದ.

ನಾನು ಹೇಳಿದ ಯಾವ ಕತೆಯಲ್ಲೂ ಈ ಜನ ಇರಲಿಲ್ಲ. ಕುದಿಯುವ ಸಮುದ್ರ ಇತ್ತು, ಚಿನ್ನ ಇತ್ತು, ನಾನಿದ್ದೆ.

ಮಾರ್ಚ್ ೧೩

ಕೆಲಸ ಮಾಡಲಿಲ್ಲ. ಕಂಡವರಿಗೆಲ್ಲ ಬೈದೆ. ಯಾರಿಗೆ ಬೈಯಬೇಕೋ ಅವನು ಸಿಗಲಿಲ್ಲ.

ಏಪ್ರಿಲ್ ೬. ಈಸ್ಟರ್ ಹಬ್ಬದ ಮರುದಿನ

ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆ ಹೋದೆ. ಎಲ್ಲ ಹೇಳಿದೆ, ಒಂದು ಬಿಟ್ಟು. ಅದೊಂದನ್ನು ವರ್ಷ ವರ್ಷವೂ ಬಿಟ್ಟೇ ಹೇಳುತ್ತಿದ್ದೇನೆ. ಇಲ್ಲಿ ಬರೆದರೆ ಕೈಯೇನೂ ಬಿದ್ದುಹೋಗುವುದಿಲ್ಲ.

ನಾನು ಗಿನಿಗೆ ಹೋಗಲಿಲ್ಲ. ಎಂಟು ದಿನ ಹಡಗಿನಲ್ಲಿದ್ದೆ, ಎಂಟು ದಿನವೂ ವಾಂತಿ. ಮದೇರಾ ದ್ವೀಪದಲ್ಲಿ ಸೌದೆ, ನೀರು ತುಂಬಲು ನಿಲ್ಲಿಸಿದಾಗ ಇಳಿದು ಕಾಡಿಗೆ ಓಡಿದೆ. ಅಲ್ಲೇ ಹದಿನಾಲ್ಕು ತಿಂಗಳು ವೈನಿನ ಪೀಪಾಯಿ ಕಟ್ಟಿಕೊಂಡಿದ್ದೆ. ನನ್ನ ಹಡಗು ಮುಂದೆ ಹೋಗಿ ಮುಳುಗಿತು, ಒಬ್ಬರೂ ಉಳಿಯಲಿಲ್ಲ. ನಾನು ಇನ್ನೊಂದು ಹಡಗು ಹಿಡಿದು ಊರಿಗೆ ಬಂದು ಇಳಿದಾಗ ಜನ ನನ್ನನ್ನು ಹೆಗಲ ಮೇಲೆ ಹೊತ್ತರು. ಉಳಿದವನು ಇವನೊಬ್ಬನೇ ಎಂದು ಅತ್ತರು. ನಾನು ಬಾಯಿ ಬಿಡುವ ಮೊದಲೇ ಅರ್ಧ ಕತೆ ಅವರೇ ಹೇಳಿ ಮುಗಿಸಿದ್ದರು. ಉಳಿದರ್ಧ ನಾನು ಹೇಳಿದೆ. ಕುದಿಯುವ ಸಮುದ್ರ ನಾನು ಕಂಡಿಲ್ಲ. ಮೆಸಿಯಾಳ ಪಾತ್ರೆಯಲ್ಲಿ ಸೊಪ್ಪಿನ ಸಾರು ಕುದಿಯುವುದನ್ನು ಕಂಡಿದ್ದೇನೆ. ಅದನ್ನೇ ದೊಡ್ಡದು ಮಾಡಿದೆ.

ಬೆಳಿಗ್ಗೆ ಮೆಸಿಯಾ ಅಂಗಳದಲ್ಲಿ ಅವರೆ ಬಿಡಿಸುತ್ತಾ ಕೂತಿದ್ದಳು. ಇಷ್ಟನ್ನೂ ಹೇಳಿದೆ. ಅವಳು ತಲೆ ಎತ್ತಲಿಲ್ಲ.

“ಗೊತ್ತಿತ್ತು ಅಣ್ಣ.”

“ಹೇಗೆ?”

“ನೀನು ಬಂದಾಗ ನಿನ್ನ ಅಂಗಿ ಒಗೆದಿದ್ದು ಯಾರು? ತೋಳೆಲ್ಲ ದ್ರಾಕ್ಷಿ ರಸದ ಕಲೆ. ಗಿನಿ ಮರಳಲ್ಲಿ ದ್ರಾಕ್ಷಿ ಬೆಳೆಯುತ್ತಾ?”

“ಮತ್ತೆ ಯಾಕೆ ಸುಮ್ಮನಿದ್ದೆ?”

“ನೀನು ಬದುಕಿ ಬಂದಿದ್ದೆ. ನನಗೆ ಅಷ್ಟು ಸಾಕಾಗಿತ್ತು.” ಆಮೇಲೆ ತಲೆ ಎತ್ತಿದಳು. “ಈಗ ಸಾಲದು. ನನ್ನ ಮಗನಿಗೆ ಹೇಳು.”

ಏಪ್ರಿಲ್ ೯

ಹೇಳಿದೆ. ನಕ್ಕ.

“ಮಾಮ, ನೀನು ಇಷ್ಟು ವರ್ಷ ಹೇಳಿದ ಕತೆಗಳಲ್ಲಿ ಇದೊಂದೇ ಸ್ವಲ್ಪ ಸಪ್ಪೆ. ಅಮ್ಮ ಹೇಳಿಕೊಟ್ಟಳಾ?”

“ನಿಜ ಕಣೋ. ದೇವಮಾತೆ ಆಣೆ.”

“ಕುದಿಯೋ ಸಮುದ್ರಕ್ಕೂ ಅದೇ ಆಣೆ ಹಾಕಿದ್ದೆ.”

ನಾನು ವಾಂತಿ ಮಾಡಿದ್ದು, ಓಡಿದ್ದು, ಕಾಡಿನಲ್ಲಿ ಎರಡು ದಿನ ಅಡಗಿ ಕೂತಿದ್ದು ಎಲ್ಲ ಬಿಡಿಸಿ ಹೇಳಿದೆ. ಚೆನ್ನಾಗಿ ಹೇಳಿದೆ. ಬಹಳ ಚೆನ್ನಾಗಿ ಹೇಳಿದ್ದೇ ತಪ್ಪಾಯಿತೇನೋ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, “ನೀನು ಹೋಗದೇ ಇದ್ದಿದ್ರೆ ಹರಕೆ ಹಡಗು ಯಾಕೆ ಅಲ್ಲಿ ತೂಗ್ತಿದೆ? ಮನುಷ್ಯರಿಗೆ ಹೇಳ್ಬಹುದು, ದೇವಮಾತೆಗೇ ಸುಳ್ಳು ಹೇಳೋ ಧೈರ್ಯ ನಿನಗೆಲ್ಲಿದೆ ಮಾಮ?” ಅಂದ.

ಪ್ರೀತಿಯಿಂದಲೇ ಅಂದ. ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು, ಯಾರ ಕಪಾಳಕ್ಕೆ ಎಂದು ಗೊತ್ತಾಗಲಿಲ್ಲ.

ಮೇ ೩

ಏಣಿ ಹೊತ್ತುಕೊಂಡು ಇಗರ್ಜಿಗೆ ಹೋದೆ. ನನ್ನ ಹಡಗನ್ನು ಬಿಚ್ಚಿ ತಂದು ಲೊಪುವಿನ ಎದುರಿಗೆ ಒಡೆದು ಹಾಕಿದರೆ ನಂಬುತ್ತಾನೆ ಎಂದು ಲೆಕ್ಕ. ಅರ್ಧ ಹತ್ತಿದ್ದೆ. ಕೆಳಗೆ ಜಪ ಮಾಡುತ್ತಿದ್ದ ಹೆಂಗಸರು ಎದ್ದರು. ಮುದುಕಿ ಅಲ್ದೊನ್ಸಾ ಬಂದು ಏಣಿಯ ಕಾಲು ಹಿಡಿದುಕೊಂಡಳು. ಅವಳ ಇಬ್ಬರು ಮಕ್ಕಳು ಕಡಲಿಗೆ ಹೋಗಿ ನಾಲ್ಕು ವರ್ಷವಾಯಿತು.

“ಇಳಿ ಬ್ರಾಸ್.”

“ಇದು ನನ್ನ ಹಡಗು ಕಣಮ್ಮ. ನನ್ನ ಕೈಯಾರೆ ಕೆತ್ತಿದ್ದು.”

“ನಿನ್ನದಾಗಿತ್ತು. ತೂಗುಹಾಕಿದ ದಿನದಿಂದ ನಮ್ಮದು. ಎಲ್ಲರೂ ಮುಳುಗಿದ್ರೂ ಒಬ್ಬ ಬರ್ತಾನೆ ಅಂತ ಅದು ಹೇಳ್ತದೆ. ಅದನ್ನ ತೆಗೆದ್ರೆ ನಾನು ಎಲ್ಲಿ ನೋಡ್ಲಿ?”

ಏಣಿಯ ಮೇಲಿಂದಲೇ ಕೂಗಿದೆ, ಅದು ಸುಳ್ಳು ಹಡಗು, ನಾನು ಹೋಗೇ ಇಲ್ಲ ಎಂದು. ಇಗರ್ಜಿಯ ಗೋಡೆಗಳೆಲ್ಲ ಅದನ್ನು ತಿರುಗಿ ಹೇಳಿದವು. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. “ಪಾಪ, ಅಳಿಯ ಹೊರಟಿದ್ದಕ್ಕೆ ತಲೆ ಕೆಟ್ಟಿದೆ” ಎಂದಳು ಒಬ್ಬಳು.

ಪಾದ್ರಿ ಬಂದು ಏಣಿಯ ಕೆಳಗೆ ನಿಂತು ನನ್ನನ್ನೇ ನೋಡಿದರು. ಅವರೊಬ್ಬರು ನಂಬಿದರು, ನನಗೆ ಗೊತ್ತಾಯಿತು.

“ಇದನ್ನ ಹದಿನಾರು ವರ್ಷದ ಹಿಂದೆ ನನ್ನ ಕಿವಿಯಲ್ಲಿ ಹೇಳ್ಬೇಕಿತ್ತು ಬ್ರಾಸ್.”

“ಈಗ ಹೇಳಿದೆನಲ್ಲ.”

“ಈಗ ಅದು ಯಾರಿಗೂ ಬೇಕಾಗಿಲ್ಲ. ಇಳಿ.”

ಇಳಿದೆ. ಹಡಗು ಇನ್ನೂ ಅಲ್ಲಾಡುತ್ತಿತ್ತು.

ಮೇ ೨೨

ಹಸಿ ಓಕ್ ಮರ ತಂದಿದ್ದೇನೆ. ಎರಡು ವರ್ಷ ಒಣಗಿಸದ ಹಲಗೆಯಿಂದ ಕಟ್ಟಿದ ಪೀಪಾಯಿ ಬಂದರಿನಲ್ಲಿ ಮದುವಣಗಿತ್ತಿಯ ಹಾಗೆ ಕಾಣುತ್ತದೆ. ಹತ್ತು ದಿನ ಬಿಸಿಲು ತಿಂದರೆ ಸಂದು ಬಿಟ್ಟು ಅಳಲು ಶುರು ಮಾಡುತ್ತದೆ. ನೀರಿಲ್ಲದ ಹಡಗು ಎಲ್ಲಿಗೆ ಹೋಗುತ್ತದೆ? ಬಾಲ ಮುದುರಿಕೊಂಡು ಮನೆಗೆ. ಲೊಪು ಹಡಗಿನ ತಳ ನೋಡಲು ಹೋದ ಹೊತ್ತು ನೋಡಿ ಎಂಟು ಕಟ್ಟಿ ಮುಗಿಸಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಕೆಟ್ಟ ಪೀಪಾಯಿ ಕಟ್ಟಿದ್ದೇನೆ, ಅದನ್ನೂ ಚೆನ್ನಾಗಿಯೇ ಕಟ್ಟಿದ್ದೇನೆ. ನಕ್ಕೆ. ಬಹಳ ದಿನದ ಮೇಲೆ ನಕ್ಕೆ.

ಮೇ ೨೪

ಕಪ್ತಾನ ವಾಪಸ್ಸು ಬರದೆ ಮುಂದೇ ಹೋದರೆ? ಎರಡನೇ ಮಗ, ಬರಿಗೈಯಲ್ಲಿ ಅಣ್ಣನ ಮನೆಗೆ ಬರುವವನಲ್ಲ. ನೀರು ಕಡಿಮೆಯಾದರೆ ಮೊದಲು ಕಡಿಮೆಯಾಗುವುದು ಅವನ ಲೋಟವಲ್ಲ. ಮೊದಲು ಪೀಪಾಯಿ ಕೆಲಸದವನದು, ಸೋರಿದ್ದು ಅವನ ತಪ್ಪೆಂದು. ಬರುವಾಗ ತಳದಲ್ಲಿ ಸರಪಳಿಯಲ್ಲಿರುವವರದು.

ಎಂಟನ್ನೂ ಒಡೆದೆ. ಹೊಸ ಹಿಡಿ ಹಾಕಿದ ಕೊಡತಿ ಚೆನ್ನಾಗಿ ಕೂತಿದೆ.

ಲೊಪು ಬಂದು ಒಂದು ಚೂರು ಎತ್ತಿ ಮೂಸಿದ. ಹಸಿ ಮರದ ವಾಸನೆ ಯಾವ ಕೆಲಸಗಾರನಿಗೆ ತಿಳಿಯುವುದಿಲ್ಲ? ನನ್ನ ಮುಖ ನೋಡಿದ. ಚೂರುಗಳನ್ನು ಒಲೆಗೆ ತುಂಬಿದ. ಹಸಿ ಸೌದೆ, ಮನೆಯೆಲ್ಲ ಹೊಗೆ. ಇಬ್ಬರೂ ಕಣ್ಣೊರೆಸಿಕೊಳ್ಳುತ್ತಾ ಕೂತೆವು.

ಜೂನ್ ೧೫

ಅರವತ್ತೂ ಆದವು. ಒಣ ಮರ, ಎರಡು ಸಲ ಉಪ್ಪುನೀರು ತುಂಬಿ ಚೆಲ್ಲಿದ್ದೇನೆ. ತಳದಲ್ಲಿ ಇಡುವ ಇಪ್ಪತ್ತಕ್ಕೆ ಮಾತ್ರ, ಬಿರಡೆಯಲ್ಲದೆ ಕೆಳಗೆ ಬೈರಿಗೆಯಿಂದ ಇನ್ನೊಂದು ಸಣ್ಣ ತೂತು ಕೊರೆದೆ. ಮಲಗಿದವನ ಬಾಯಿಗೆ ಎಟುಕುವ ಎತ್ತರ. ಅದಕ್ಕೆ ಬೆಂಡಿನ ಗೂಟ, ಹೊರಗೆ ಒಂದು ಬೆರಳಿನಷ್ಟು ಉದ್ದ ಬಿಟ್ಟಿದ್ದೇನೆ. ಮೆತ್ತಗಿದೆ. ನಾನೇ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಲ್ಲಿನಿಂದ ಎಳೆದು ನೋಡಿದೆ. ಬರುತ್ತದೆ. ನಾಲಿಗೆಯಿಂದ ತಳ್ಳಿದರೆ ಮತ್ತೆ ಕೂರುತ್ತದೆ.

ಕಪ್ತಾನ ನೋಡಲು ಬಂದ. “ಇದೇನು ಬ್ರಾಸ್, ಎರಡು ತೂತು?”

“ಗಿನಿಯ ಬಿಸಿ ನಿಮಗೆ ಗೊತ್ತಿಲ್ಲ ಸ್ವಾಮಿ. ಹಡಗಿನ ತಳದಲ್ಲಿ ಪೀಪಾಯಿ ಬಸುರಿ ಹೆಂಗಸಿನ ಹಾಗೆ ಉಬ್ಬುತ್ತೆ. ಉಸಿರಾಡೋಕೆ ಕಿಂಡಿ ಬೇಡ್ವಾ? ಕುದಿಯೋ ಸಮುದ್ರದ ಹತ್ರ ನಾನೇ ಕಣ್ಣಾರೆ ಕಂಡಿದ್ದೀನಿ, ಕಿಂಡಿ ಇಲ್ಲದ್ದು ಫಟ್ಟಂತ ಒಡೀತು, ಮೂರು ಜನಕ್ಕೆ ಗಾಯ.” ಗಾಯದ ಜಾಗವನ್ನೂ ತೋರಿಸಿದೆ.

“ಹೋಗಿ ಬಂದವರ ಮಾತೇ ಬೇರೆ” ಎಂದು ತಲೆದೂಗಿ ಹೋದ. ಮಂಕು.

ಲೊಪು ಗೂಟವನ್ನು ಬೆರಳಲ್ಲಿ ಅಲ್ಲಾಡಿಸುತ್ತಾ, “ನಿಜವಾಗ್ಲೂ ಉಬ್ಬುತ್ತಾ ಮಾಮ?” ಎಂದ.

“ಯಾರು ಹೇಳಿದ್ರೂ ಇದನ್ನ ಬಡಿದು ಒಳಗೆ ತೂರಿಸ್ಬೇಡ. ಅಷ್ಟೇ.”

ಮೂಲೆಯಲ್ಲಿ ಹಲ್ಲಿನ ಗುರುತಿನ ಆ ಹಳೆಯ ಪೀಪಾಯಿ ಹಾಗೇ ಇದೆ, ನಾನು ದುರಸ್ತಿ ಮಾಡಿಲ್ಲ. ಲೊಪು ಈ ಸಲ ಅದರ ಕಡೆ ನೋಡಿದ. ನೋಡುತ್ತಲೇ ಇದ್ದ. “ಆಯ್ತು” ಅಂದ.

ಜೂನ್ ೩೦

ಹೋದ. ನಿನ್ನೆ ಸಂತ ಪೇತ್ರರ ಹಬ್ಬ ಮುಗಿಸಿ ಇವತ್ತು ಬೆಳಗಿನ ಗಾಳಿಗೆ ಹಾಯಿ ಬಿಚ್ಚಿದರು. ಮೆಸಿಯಾ ಅಂಜೂರ, ಬಾದಾಮಿ ಗಂಟು ಕಟ್ಟಿ ಕೊಟ್ಟಳು. “ಬಂದ ಮೇಲೆ ನಿನ್ನ ಹಡಗಿನ ಪಕ್ಕದಲ್ಲೇ ನನ್ನದು ತೂಗುಹಾಕ್ತೀನಿ ಮಾಮ. ನಿನ್ನದಕ್ಕಿಂತ ಚೆಂದ ಕೆತ್ತುತ್ತೀನಿ” ಅಂದ. ಮೊದಲು ಬಾ ಅಂದೆ.

ಜುಲೈ ೧೨

ವೈನಿನ ಅಂಗಡಿಯಲ್ಲಿ ಇಬ್ಬರು ಹೊಸಬರು ಬೆಂಚು ಒರೆಸಿ ಜಾಗ ಕೊಟ್ಟು, ಕುದಿಯುವ ಸಮುದ್ರದ ಕತೆ ಹೇಳಬೇಕೆಂದು ನನ್ನನ್ನು ಕೇಳಿ, ಮುಂದಿನ ಹಡಗಿಗೆ ನಾವೂ ಹೆಸರು ಬರೆಸುತ್ತೇವೆ ಎಂದರು. ನಿಮ್ಮ ತಾಯಿಗೆ ನೀವೇ ಮಣ್ಣು ಹಾಕಿ ಹೋಗಿ ಎಂದೆ. ಲೋಟ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಅಂಗಡಿಯವನು ಜ್ವರವೇ ಎಂದು ಕೇಳಿದ.

ಮನೆಗೆ ಬಂದರೆ ಮೆಸಿಯಾ ಹೊಸ್ತಿಲ ಮೇಲೆ ಕೂತಿದ್ದಳು. ನನಗಾಗಿ ಕಾಯುತ್ತಿದ್ದಳು.

“ಅಣ್ಣ, ಅವನು ಈಗ ಎಲ್ಲಿರ್ತಾನೆ? ಆ ಕತೆ ಹೇಳು.”

“ಅದು ಸುಳ್ಳು ಅಂತ ನಿನಗೆ ಗೊತ್ತು.”

“ಗೊತ್ತು. ಹೇಳು.”

ಪಕ್ಕದಲ್ಲಿ ಕೂತೆ. ಹೇಳಿದೆ. ಮೊದಲ ದಿನ ಭೂಮಿ ಕಾಣೆಯಾದಾಗ ಯಾರೂ ಮಾತಾಡುವುದಿಲ್ಲ ಎಂದೆ. ಗಾಳಿ ಬಡಗಣದಿಂದ ಬೆನ್ನಿಗೆ ಬೀಸುತ್ತದೆ. ಮೂರನೆಯ ದಿನ ಒಣರೊಟ್ಟಿಯನ್ನು ನೀರಲ್ಲಿ ಅದ್ದಿ ತಿನ್ನಬೇಕು. ಹೊಟ್ಟೆ ತೊಳಸಿದರೆ ಹಡಗಿನ ನಡುವೆ ಮಲಗಬೇಕು, ಅಲ್ಲಿ ಅಲುಗಾಟ ಕಡಿಮೆ; ಅದನ್ನು ಅವನಿಗೆ ಹೇಳಿ ಕಳಿಸಿದ್ದೇನೆ. ಎಂಟನೆಯ ದಿನ ಮೋಡದ ಗುಡ್ಡೆಯ ಹಾಗೆ ಮದೇರಾ ಕಾಣುತ್ತದೆ. ಕಡಲಿಗೇ ಇಳಿದ ಕಾಡು. ಒದ್ದೆ ಎಲೆಯ ವಾಸನೆ ಹಡಗಿನವರೆಗೂ ಬರುತ್ತದೆ. ಸಿಹಿನೀರಿನ ಝರಿ ದಂಡೆಗೇ ಬಂದು ಬೀಳುತ್ತದೆ, ಅಲ್ಲಿ ಪೀಪಾಯಿ ತುಂಬಿಸುತ್ತಾರೆ. ಆ ಕೆಲಸ ಅವನದೇ.

ಮೆಸಿಯಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

“ಆಮೇಲೆ?” ಎಂದಳು.

“ಆಮೇಲೆ ನನಗೆ ಗೊತ್ತಿಲ್ಲ” ಎಂದೆ.